ಹದಿನೈದನೇ ರಿವ್ಯೂಗೆ ಬಂತು ಮೊದಲ ಕಮಿಷನ್

ಹೋದ ವಾರ ನನ್ನ ಖಾತೆಗೆ ಮೊದಲ ಅಫಿಲಿಯೇಟ್ ಕಮಿಷನ್ ಜಮಾ ಆಯಿತು. ರಿವ್ಯೂ ಬರೆಯುವ ವೆಬ್‌ಸೈಟ್ ಶುರು ಮಾಡಿ ಅವತ್ತಿಗೆ 14 ತಿಂಗಳು. ಮೊತ್ತ ದೊಡ್ಡದೇನಲ್ಲ. ಆದರೂ ಬ್ಯಾಂಕಿನ ಆ ಮೆಸೇಜನ್ನು ಮೂರು ಸಲ ತೆರೆದು ನೋಡಿದೆ. ಈ ದಾರಿಯಲ್ಲಿ ಹೊರಟವರು ನಾನು ಸುತ್ತಿದಷ್ಟು ಸುತ್ತಬಾರದು. ಅದಕ್ಕೇ ಮರೆಯುವ ಮೊದಲು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ನೀವು ಒಂದು ವಸ್ತುವಿನ ಬಗ್ಗೆ ರಿವ್ಯೂ ಬರೆಯುತ್ತೀರಿ. ಅದರಲ್ಲಿ ಅಂಗಡಿಯ ಲಿಂಕ್ ಹಾಕುತ್ತೀರಿ. ಆ ಲಿಂಕಿನಲ್ಲಿ ನಿಮ್ಮ ಗುರುತು ಇರುತ್ತದೆ. ಓದಿದವರು ಅದನ್ನು ಒತ್ತಿ ಕೊಂಡರೆ ಅಂಗಡಿ ನಿಮಗೆ ಶೇಕಡಾ ಇಷ್ಟು ಅಂತ ಕೊಡುತ್ತದೆ. ಅಮೆಜಾನ್ 1996ರಿಂದಲೇ ಇದನ್ನು ನಡೆಸುತ್ತಿದೆ. ಅಂದರೆ ಇದು ಹೊಸ ದಂಧೆಯೇನಲ್ಲ.

ಮೊದಲು ಖರ್ಚಿನ ವಿಷಯ. ಡೊಮೈನ್ (ಸೈಟಿನ ಹೆಸರು), ಹೋಸ್ಟಿಂಗ್ (ಸೈಟನ್ನು ಇಡುವ ಜಾಗ) ಎರಡಕ್ಕೂ ಒಂದು ವರ್ಷದ ದುಡ್ಡು ಮೊದಲೇ ಕಟ್ಟಿದೆ. ಮೊದಲ ವರ್ಷಕ್ಕೆ ತೋರಿಸಿದ್ದು ಕಡಿಮೆ ದರ. ರಿನ್ಯೂವಲ್‌ಗೆ ಅದು ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ನೀವು ತೆಗೆದುಕೊಳ್ಳುವಾಗ ಎರಡನೇ ವರ್ಷದ ದರವನ್ನೇ ಮೊದಲು ನೋಡಿ.

ಆಮೇಲೆ ಬರೆಯಲು ಕೂತೆ. ಮನೆಯಲ್ಲೇ ಆಫೀಸ್ ಮಾಡಿಕೊಂಡವರಿಗೆ ಬೇಕಾಗುವ ವಸ್ತುಗಳು ಅಂತ ವಿಷಯ ಆರಿಸಿಕೊಂಡೆ: ಕುರ್ಚಿ, ಮೇಜು, ಟೇಬಲ್ ಲ್ಯಾಂಪ್, ಹೆಡ್‌ಫೋನ್, ಕೀಬೋರ್ಡ್. ಐದು ತಿಂಗಳಲ್ಲಿ 14 ರಿವ್ಯೂ ಬರೆದೆ. ಒಂದೊಂದೂ 1500 ಪದಕ್ಕೆ ಕಡಿಮೆ ಇರಲಿಲ್ಲ. ಹೇಗೆ ಬರೆದೆ ಅಂತ ನೇರವಾಗಿ ಹೇಳುತ್ತೇನೆ. ಪರದೆಯ ಒಂದು ಕಡೆ ಕಂಪನಿಯ ಪುಟ, ಇನ್ನೊಂದು ಕಡೆ ಕೊಂಡವರು ಬರೆದ ಹತ್ತು ಹದಿನೈದು ಅಭಿಪ್ರಾಯ. ಎರಡನ್ನೂ ಓದಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೆ. 'ಉತ್ತಮ ಗುಣಮಟ್ಟ', 'ಕೊಟ್ಟ ದುಡ್ಡಿಗೆ ಮೋಸವಿಲ್ಲ', 'ದೀರ್ಘ ಬಾಳಿಕೆ'. ಆ 14ರಲ್ಲಿ ಒಂದು ವಸ್ತುವನ್ನೂ ನಾನು ಕೈಯಲ್ಲಿ ಹಿಡಿದಿರಲಿಲ್ಲ. ಎಲ್ಲದಕ್ಕೂ ನಾಲ್ಕು ಅಥವಾ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದೆ.

ಹತ್ತನೇ ರಿವ್ಯೂ ಮುಗಿದಾಗಲೇ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಅಫಿಲಿಯೇಟ್ ಪ್ರೋಗ್ರಾಮ್‌ಗೆ ಅರ್ಜಿ ಹಾಕಿದ್ದೆ. ಸೈಟಿನ ವಿಳಾಸ, ಓದುಗರು ಎಲ್ಲಿಂದ ಬರುತ್ತಾರೆ, ಯಾವ ವಿಷಯದ ಬಗ್ಗೆ ಬರೆಯುತ್ತೀರಿ ಅಂತ ಕೇಳಿದರು. ಜೊತೆಗೆ ಗುರುತಿನ ದಾಖಲೆ, ತೆರಿಗೆ ಸಂಖ್ಯೆ, ಬ್ಯಾಂಕ್ ಖಾತೆ. ಸೈಟಿನಲ್ಲಿ 'ನಮ್ಮ ಬಗ್ಗೆ' ಪುಟ, ಸಂಪರ್ಕದ ಪುಟ, ಪ್ರೈವೆಸಿ ಪಾಲಿಸಿ ಮೂರೂ ಇರಲೇಬೇಕಿತ್ತು. ನನ್ನಲ್ಲಿ ಮೂರನೆಯದು ಇರಲಿಲ್ಲ. ಅದೊಂದಕ್ಕೇ ಅರ್ಜಿ ಒಂದು ಸಲ ವಾಪಸ್ ಬಂತು. ಸರಿಮಾಡಿ ಕಳಿಸಿದ ಮೇಲೆ ಒಂಬತ್ತು ದಿನ ಕಾದೆ. ಒಪ್ಪಿಗೆ ಸಿಕ್ಕಿದ ದಿನ ಅರ್ಧ ಕೆಲಸ ಮುಗಿಯಿತು ಅಂದುಕೊಂಡೆ.

ಆ ಒಪ್ಪಿಗೆ ತಾತ್ಕಾಲಿಕ ಅನ್ನೋದನ್ನು ನಾನು ಸರಿಯಾಗಿ ಓದಿರಲಿಲ್ಲ. ಇಂತಿಷ್ಟು ದಿನದೊಳಗೆ ಇಂತಿಷ್ಟು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಇಂಥ ಗಡುವು ಹಲವು ಕಡೆ ಇದೆ. ಉದಾಹರಣೆಗೆ ಅಮೆಜಾನ್‌ನ ಇಂಥದೇ ಪ್ರೋಗ್ರಾಮ್ ಆದ ಅಮೆಜಾನ್ ಅಸೋಸಿಯೇಟ್ಸ್‌ನಲ್ಲಿ 180 ದಿನದೊಳಗೆ 3 ಮಾರಾಟ ಆಗಬೇಕು. ಹಾಗಾಗಿ ಬರೆಯುವ ಮೊದಲೇ ಅರ್ಜಿ ಹಾಕಬೇಡಿ. ಓದುಗರು ದಿನಾ ನಾಲ್ಕಾರು ಜನ ಬರುವ ತನಕ ಕಾಯಿರಿ. ಅರ್ಜಿ ಹಾಕಿದ ದಿನದಿಂದ ಗಡಿಯಾರ ಓಡುತ್ತದೆ.

ಗಡುವು ಹತ್ತಿರ ಬಂದಾಗ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಡ್ಯಾಶ್‌ಬೋರ್ಡ್, ಅಂದರೆ ಕ್ಲಿಕ್ ಮತ್ತು ಮಾರಾಟದ ಲೆಕ್ಕ ತೋರಿಸುವ ಪುಟ. ಕ್ಲಿಕ್ 2, ಮಾರಾಟ 0. ಮರುದಿನ ಕ್ಲಿಕ್ 0, ಮಾರಾಟ 0. ಕೊನೆಗೆ ತಮ್ಮನಿಗೆ ಹೇಳಿ ನನ್ನ ಲಿಂಕಿನಿಂದಲೇ ಒಂದು ಕೀಬೋರ್ಡ್ ತರಿಸಿದೆ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಿಮ್ಮ ಲಿಂಕಿನಿಂದ ನೀವೇ ಕೊಳ್ಳುವುದು, ಮನೆಯವರಿಂದ ಕೊಳ್ಳಿಸುವುದು ಇಂಥ ಪ್ರೋಗ್ರಾಮ್‌ಗಳಲ್ಲಿ ಸಾಮಾನ್ಯವಾಗಿ ನಿಷಿದ್ಧ. ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ತಪ್ಪು ನನ್ನದೇ. ಗಡುವು ಮುಗಿದ ಮರುದಿನ ಖಾತೆ ಮುಚ್ಚಿದ ಈಮೇಲ್ ಬಂತು. ನಾಲ್ಕು ಸಾಲಿನ ಪತ್ರ. ಸೈಟನ್ನೇ ಮುಚ್ಚಿಬಿಡೋಣ ಅನ್ನಿಸಿತು.

ಅವತ್ತು ಸಂಜೆ ತಮ್ಮ ನನ್ನ ಪಕ್ಕದಲ್ಲಿ ಕೂತು ಕುರ್ಚಿಯ ಒಂದು ರಿವ್ಯೂ ಪೂರ್ತಿ ಓದಿದ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಕ್ಕ, ಬೇಜಾರು ಮಾಡ್ಕೋಬೇಡ. ಈ ಕುರ್ಚಿ ನನಗೆ ಆಗುತ್ತಾ ಇಲ್ವಾ ಅಂತ ಇದ್ರಲ್ಲಿ ಎಲ್ಲಿದೆ?"

"ಎಲ್ಲಾ ಇದೆಯಲ್ಲೋ. ಅಳತೆ, ಬಣ್ಣ, ವಾರಂಟಿ."

"ಅದು ಅಂಗಡಿ ಪುಟದಲ್ಲೇ ಇದೆ. ಅಲ್ಲಿ ನೋಡಿ ಅನುಮಾನ ಬಂದಿದ್ದಕ್ಕೆ ತಾನೇ ನಿನ್ನ ಹತ್ರ ಬಂದಿದ್ದು?"

ಈ ಮಾತಿನಿಂದ ನನ್ನ ಕೆಲಸವೇ ಬದಲಾಯಿತು. ರಿವ್ಯೂ ಹುಡುಕಿಕೊಂಡು ಬರುವವರು ಹೆಚ್ಚುಕಡಿಮೆ ಕೊಳ್ಳಲು ತಯಾರಾಗಿರುತ್ತಾರೆ. ಅವರನ್ನು ತಡೆದು ನಿಲ್ಲಿಸಿರುವುದು ಒಂದೋ ಎರಡೋ ಅನುಮಾನ. ಅದಕ್ಕೆ ಉತ್ತರ ಸಿಕ್ಕರೆ ಲಿಂಕ್ ಒತ್ತುತ್ತಾರೆ, ಇಲ್ಲದಿದ್ದರೆ ಪುಟ ಮುಚ್ಚುತ್ತಾರೆ. ನಾನು 14 ಸಲ ಬರೆದದ್ದು ಅವರಿಗೆ ಆಗಲೇ ಗೊತ್ತಿದ್ದನ್ನೇ.

ಆಗ ಒಂದು ನಿರ್ಧಾರ ಮಾಡಿದೆ. ಬಳಸದೆ ಬರೆಯುವುದಿಲ್ಲ. ಎಲ್ಲವನ್ನೂ ಕೊಳ್ಳುವ ಶಕ್ತಿ ಇರಲಿಲ್ಲ. ನನಗೆ ನಿಜಕ್ಕೂ ಬೇಕಿದ್ದದ್ದು ಒಂದು ಆಫೀಸ್ ಕುರ್ಚಿ, ಸೊಂಟ ನೋವು ಶುರುವಾಗಿತ್ತು. ಮಧ್ಯಮ ಬೆಲೆಯದೊಂದನ್ನು ಲಿಂಕಿಲ್ಲದೆ ನೇರವಾಗಿ ಕೊಂಡೆ. ಈ ಹದಿನಾಲ್ಕು ತಿಂಗಳಲ್ಲಿ ಅದೇ ದೊಡ್ಡ ಖರ್ಚು. ಹೋದ ವಾರ ಬಂದ ಕಮಿಷನ್ ಆ ಕುರ್ಚಿಯ ಬೆಲೆಯ ಕಾಲು ಭಾಗವೂ ಇಲ್ಲ. ಬಳಸಿ ಬರೆಯಲು ಹೊರಟವರು ಇದನ್ನು ತಿಳಿದೇ ಹೊರಡಬೇಕು. ಕೊಳ್ಳಲು ಆಗದಿದ್ದರೆ ಮನೆಯಲ್ಲಿ ಆಗಲೇ ಇರುವ ವಸ್ತುಗಳಿಂದ ಶುರು ಮಾಡಿ. ಎರಡು ವರ್ಷ ಬಳಸಿದ ಹಳೆ ಹೆಡ್‌ಫೋನ್ ಬಗ್ಗೆ ನಿಮ್ಮಷ್ಟು ಚೆನ್ನಾಗಿ ಬರೆಯುವವರು ಯಾರಿದ್ದಾರೆ?

ಡಬ್ಬ ಬಂದ ದಿನ ಒಂದು ನೋಟ್‌ಬುಕ್, ಒಂದು ಟೇಪು ಪಕ್ಕದಲ್ಲಿಟ್ಟುಕೊಂಡೆ. ಜೋಡಿಸಲು ಹಿಡಿದದ್ದು 1 ಗಂಟೆ 10 ನಿಮಿಷ. ಸೀಟಿಗೆ ಬೆನ್ನಿನ ಭಾಗ ಕೂರಿಸುವಾಗ ನಾಲ್ಕನೇ ಬೋಲ್ಟ್ ತೂತಿಗೆ ಸೇರಲೇ ಇಲ್ಲ. ಅರ್ಧ ಗಂಟೆ ಒದ್ದಾಡಿದೆ. ಆಮೇಲೆ ಮೊದಲ ಮೂರನ್ನೂ ಸಡಿಲ ಮಾಡಿ ನೋಡಿದೆ, ನಾಲ್ಕನೆಯದು ಸಲೀಸಾಗಿ ಹೋಯಿತು. ನಾಲ್ಕನ್ನೂ ಎರಡೆರಡು ಸುತ್ತು ಮಾತ್ರ ತಿರುಗಿಸಿ, ಎಲ್ಲಾ ಕೂತ ಮೇಲೆ ಬಿಗಿ ಮಾಡಬೇಕು. ಡಬ್ಬದಲ್ಲಿದ್ದ ಕಾಗದದಲ್ಲಿ ಈ ಮಾತು ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಫೋಟೋ ತೆಗೆದೆ.

ಆಮೇಲೆ ಅಳತೆ. ಸೀಟನ್ನು ಪೂರ್ತಿ ಇಳಿಸಿದರೆ ನೆಲದಿಂದ 42 ಸೆಂಟಿಮೀಟರ್ ಅಂತ ಪುಟದಲ್ಲಿತ್ತು. ನಾನು ಅಳೆದಾಗ ಖಾಲಿ ಸೀಟು 46. ಕೂತಾಗ ಫೋಮ್ ಇಳಿದು 44. ನನ್ನ ಎತ್ತರ 5 ಅಡಿ 1 ಇಂಚು. ಹಿಂದಕ್ಕೆ ಒರಗಿ ಕೂತರೆ ನನ್ನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಸೀಟಿನ ಮುಂದಿನ ಅಂಚು ಮಂಡಿಯ ಹಿಂದೆ ಒತ್ತುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. 5 ಅಡಿ 10 ಇಂಚಿನ ತಮ್ಮನನ್ನು ಕೂರಿಸಿದೆ. ಅವನು ಎದ್ದೇಳಲೇ ಇಲ್ಲ, ಅಷ್ಟು ಹಿತವಾಗಿತ್ತು. ಒಂದೇ ಕುರ್ಚಿ, ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ನೋವು. ಇದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟರೆ ಯಾರಿಗೆ ಏನು ತಿಳಿಯುತ್ತದೆ?

ಐದು ವಾರ ಇಬ್ಬರೂ ಸರದಿಯಲ್ಲಿ ಬಳಸಿದೆವು. ನಾನು ಕಾಲಡಿಗೆ ದಪ್ಪ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದೆ. ಮೂರನೇ ವಾರದಲ್ಲಿ ಎಡಗೈ ಆಸರೆ ಅಲ್ಲಾಡತೊಡಗಿತು, ಬೋಲ್ಟ್ ಬಿಗಿ ಮಾಡಿದ ಮೇಲೆ ನಿಂತಿತು. ಚಕ್ರಗಳು ನೆಲದ ಮೇಲೆ ಕಪ್ಪು ಗೆರೆ ಬಿಡಲಿಲ್ಲ. ಇವನ್ನೆಲ್ಲ ದಿನಾಂಕ ಹಾಕಿ ಬರೆದುಕೊಂಡೆ.

ಬರೆಯಲು ಕೂತಾಗ ಕೈ ನಡುಗಿತು. ಮೊದಲ ಸಾಲಿನಲ್ಲೇ 'ನಿಮ್ಮ ಎತ್ತರ 5 ಅಡಿ 5 ಇಂಚಿಗಿಂತ ಕಡಿಮೆಯಿದ್ದರೆ ಈ ಕುರ್ಚಿ ಬೇಡ' ಅಂತ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಮಾರಾಟ ಆಗಲಿ ಅಂತ ಬರೆಯುವ ಪುಟದಲ್ಲಿ ಕೊಳ್ಳಬೇಡಿ ಅನ್ನೋದು ಮೊದಲ ಮಾತಾಗಬೇಕಾ? ತಮ್ಮನನ್ನು ಕೇಳಿದೆ. "ಇರ್ಲಿ ಬಿಡಕ್ಕ, ಉದ್ದ ಇರೋರು ಈ ಸಾಲು ಓದಿದ್ರೆ ಇನ್ನೂ ಧೈರ್ಯ ಬರುತ್ತೆ" ಅಂದ. ಹಾಗೇ ಬಿಟ್ಟೆ.

ಆ ಸಾಲಿನ ಕೆಳಗೆ ಯಾರಿಗೆ ಒಪ್ಪುತ್ತದೆ ಅಂತ ಮೂರು ವಾಕ್ಯ. ಅದರ ಕೆಳಗೆ ಮೊದಲ ಲಿಂಕ್. ಆಮೇಲೆ ಟೇಪು ಹಿಡಿದ ಫೋಟೋ, ಬೋಲ್ಟ್ ಕತೆ, ವಾರವಾರದ ಟಿಪ್ಪಣಿ, ಬೇರೆ ಎರಡು ಕುರ್ಚಿಗಳ ಜೊತೆ ಹೋಲಿಕೆ. ಕೊನೆಯಲ್ಲಿ ಇನ್ನೊಂದು ಲಿಂಕ್. ಬಟನ್ ಮೇಲೆ ಮೊದಲು 'ಈಗಲೇ ಕೊಳ್ಳಿ' ಅಂತಿತ್ತು. 'ಇವತ್ತಿನ ಬೆಲೆ ನೋಡಿ' ಅಂತ ಬದಲಿಸಿದ ಮೇಲೆ ಒತ್ತುವವರು ಹೆಚ್ಚಾದರು. ಓದುವವರಿಗೆ ಆ ಹೊತ್ತಿಗೆ ಬೇಕಿರುವುದು ಅದೇ ಅಲ್ವಾ? ಬೆಲೆಯನ್ನು ಮಾತ್ರ ನೀವೇ ಟೈಪ್ ಮಾಡಿ ಹಾಕಬೇಡಿ. ಅದು ದಿನಾ ಬದಲಾಗುತ್ತದೆ. ಅಮೆಜಾನ್‌ನಂಥವರು ಹಾಗೆ ಕೈಯಿಂದ ಬರೆಯುವುದನ್ನು ಒಪ್ಪುವುದೂ ಇಲ್ಲ. ಅವರ ಪುಟದ ಗ್ರಾಹಕರ ಅಭಿಪ್ರಾಯಗಳನ್ನು, ಸ್ಟಾರ್‌ಗಳನ್ನು ನಕಲು ಮಾಡಿ ಹಾಕುವಂತೆಯೂ ಇಲ್ಲ. ನನ್ನ ಹಳೆ ಪುಟಗಳಲ್ಲಿ ಇದೆಲ್ಲ ಇತ್ತು, ಕೂತು ಒಂದೊಂದಾಗಿ ತೆಗೆದೆ.

'ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ' ಅನ್ನೋ ಸಾಲನ್ನು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೆ. ಅದು ಸಾಲದು. ಲಿಂಕಿನ ಹತ್ತಿರವೇ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇರಬೇಕು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಬಹಳ ವರ್ಷದಿಂದ ಇದನ್ನೇ ಹೇಳುತ್ತಾ ಬಂದಿದೆ. ಸುಳ್ಳು ರಿವ್ಯೂಗಳನ್ನು ನೇರವಾಗಿ ನಿಷೇಧಿಸುವ ಅದರ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿದೆ. ವಸ್ತುವನ್ನು ಬಳಸದೇ ಇರುವವರು ಬಳಸಿದೆ ಅಂತ ಬರೆಯುವುದೂ ಅದರಲ್ಲಿ ಸೇರಿದೆ. ಓದಿದಾಗ ನನ್ನ ಹಳೆ 14 ಪುಟಗಳು ನೆನಪಾಗಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಒಂಬತ್ತನ್ನು ಅಳಿಸಿದೆ. ಉಳಿದ ಐದರಲ್ಲಿ ಇದು ಬಳಸಿ ಬರೆದದ್ದಲ್ಲ, ಮಾಹಿತಿ ಒಟ್ಟುಮಾಡಿ ಬರೆದದ್ದು ಅಂತ ಮೇಲೆಯೇ ಹಾಕಿದೆ. ಲಿಂಕಿನ ಕೋಡ್‌ನಲ್ಲಿ 'ಸ್ಪಾನ್ಸರ್ಡ್' ಅನ್ನೋ ಗುರುತು ಸೇರಿಸುವುದನ್ನೂ ಮರೆಯಬೇಡಿ. ಜಾಹೀರಾತು, ಕಮಿಷನ್‌ನಂಥ ದುಡ್ಡಿನ ಸಂಬಂಧ ಇರುವ ಲಿಂಕುಗಳನ್ನು ಗುರುತಿಸಲು ಗೂಗಲ್ 2019ರಲ್ಲಿ ಅದನ್ನು ತಂದಿತು.

ಕುರ್ಚಿಯ ರಿವ್ಯೂ ಹಾಕಿದ ಮೇಲೆ ಅದೇ ಪ್ರೋಗ್ರಾಮ್‌ಗೆ ಮತ್ತೆ ಅರ್ಜಿ ಹಾಕಿದೆ. ಈ ಸಲ ನಾಲ್ಕೇ ದಿನಕ್ಕೆ ಒಪ್ಪಿದರು. ಆಮೇಲೆ ಬರೀ ಕಾಯುವುದು. ಮೊದಲ ತಿಂಗಳು ಆ ಪುಟಕ್ಕೆ ಬಂದದ್ದು 11 ಜನ. ಎರಡನೇ ತಿಂಗಳು 40ರ ಹತ್ತಿರ. ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಸಾಧನದಲ್ಲಿ ಜನ ಏನು ಹುಡುಕಿ ಬರುತ್ತಾರೆ ಅಂತ ನೋಡುತ್ತಿದ್ದೆ. 'ಬೆಸ್ಟ್ ಆಫೀಸ್ ಚೇರ್' ಅಂತ ಹುಡುಕಿದವರಿಗೆ ನನ್ನ ಪುಟ ಎಲ್ಲೋ ಎಂಟನೇ ಪುಟದಲ್ಲಿ. ಆದರೆ ಮಾಡೆಲ್ ಹೆಸರಿನ ಜೊತೆ 'ಸೀಟ್ ಎತ್ತರ', 'ಜೋಡಿಸುವುದು ಹೇಗೆ', 'ಕುಳ್ಳಗಿರುವವರಿಗೆ' ಅಂತ ಹುಡುಕಿದವರಿಗೆ ನಾನು ಮೊದಲ ಮೂರರಲ್ಲಿದ್ದೆ. ಇವು ನಾನು ಟೇಪು ಹಿಡಿದು ಬರೆದ ವಿಷಯಗಳೇ. ಗೂಗಲ್ ಕೂಡ 2021ರಲ್ಲಿ ರಿವ್ಯೂಗಳಿಗೆ ಅಂತಲೇ ತನ್ನ ವ್ಯವಸ್ಥೆ ಬದಲಿಸಿದಾಗಿನಿಂದ ಇದನ್ನೇ ಕೇಳುತ್ತಿದೆ. ನೀವೇ ಅಳೆದ ಅಂಕಿ ಇರಲಿ, ನೀವೇ ತೆಗೆದ ಫೋಟೋ ಇರಲಿ, ಒಳ್ಳೆಯದರ ಜೊತೆ ಕೊರತೆಯೂ ಇರಲಿ ಅಂತ. ಅದು ನನಗೆ ಮೊದಲೇ ಗೊತ್ತಿದ್ದರೆ ಐದು ತಿಂಗಳು ಉಳಿಯುತ್ತಿತ್ತು.

ಮೂರನೇ ತಿಂಗಳ ಲೆಕ್ಕ ಹೀಗಿತ್ತು. ಓದಿದವರು 212. ಲಿಂಕ್ ಒತ್ತಿದವರು 31. ಕೊಂಡವರು 5. ಅದೇ ತಿಂಗಳು ಉಳಿದ ಐದು ಹಳೆ ಪುಟಗಳನ್ನು ಒಟ್ಟು 180 ಜನ ಓದಿದ್ದರು. ಲಿಂಕ್ ಒತ್ತಿದವರು 9, ಕೊಂಡವರು ಯಾರೂ ಇಲ್ಲ. ಹೀಗೆ ಬೇರೆಬೇರೆ ಲೆಕ್ಕ ಸಿಗಬೇಕಾದರೆ ಪ್ರತಿ ಪುಟಕ್ಕೂ ಬೇರೆ ಟ್ರ್ಯಾಕಿಂಗ್ ಐಡಿ (ಲಿಂಕಿನಲ್ಲಿರುವ ನಿಮ್ಮ ಗುರುತು) ಮಾಡಿಕೊಳ್ಳಬೇಕು. ಎಲ್ಲ ಪುಟಕ್ಕೂ ಒಂದೇ ಇದ್ದರೆ ಯಾವ ಬರಹ ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ. ಇನ್ನೊಂದು, ನಿಮ್ಮ ಪುಟವನ್ನು ಫೋನಿನಲ್ಲಿ ತೆರೆದು ನೋಡಿ. ನನ್ನ ಹೋಲಿಕೆಯ ಟೇಬಲ್ ಫೋನಿನಲ್ಲಿ ಅರ್ಧ ಕತ್ತರಿಸಿ ಕಾಣುತ್ತಿತ್ತು. ಎರಡು ತಿಂಗಳು ಅದನ್ನು ಗಮನಿಸಿರಲಿಲ್ಲ.

31 ಜನ ಒತ್ತಿ 5 ಜನ ಕೊಂಡರು ಅಂದರೆ ಉಳಿದ 26 ಜನ ಎಲ್ಲಿ ಹೋದರು ಅಂತ ನನಗೂ ಅನ್ನಿಸಿತ್ತು. ಲಿಂಕ್ ಒತ್ತಿದವರು ನಿಮ್ಮ ಪುಟದಿಂದ ಬಂದವರು ಅಂತ ಅವರ ಬ್ರೌಸರ್‌ನಲ್ಲಿ ಉಳಿಯುವ ಗುರುತಿಗೆ ಕುಕೀ ಅನ್ನುತ್ತಾರೆ. ಅದಕ್ಕೆ ಆಯುಸ್ಸಿದೆ. ಅಮೆಜಾನ್‌ನಲ್ಲಿ 24 ಗಂಟೆ. ಅಷ್ಟರೊಳಗೆ ಕಾರ್ಟಿಗೆ ಹಾಕಿಕೊಂಡರೆ ಸುಮಾರು 90 ದಿನದ ತನಕ ಲೆಕ್ಕಕ್ಕೆ ಬರುತ್ತದೆ. ಬೇರೆಯವರು 7 ದಿನವೋ 30 ದಿನವೋ ಕೊಡುತ್ತಾರೆ. ಕುರ್ಚಿಯಂಥ ವಸ್ತುವನ್ನು ಮನೆಯಲ್ಲಿ ಕೇಳಿ, ಸಂಬಳ ಬಂದ ಮೇಲೆ ಕೊಳ್ಳುತ್ತಾರೆ. ಹಾಗಾಗಿ ದೊಡ್ಡ ವಸ್ತುವಿನ ಬಗ್ಗೆ ಬರೆಯುವವರು ಕಮಿಷನ್ ಶೇಕಡಾ ಎಷ್ಟು ಅಂತ ನೋಡುವ ಮೊದಲು ಕುಕೀ ಎಷ್ಟು ದಿನ ಅಂತ ನೋಡಬೇಕು.

ಐದು ಮಾರಾಟವೂ ಡ್ಯಾಶ್‌ಬೋರ್ಡಿನಲ್ಲಿ 'ಪೆಂಡಿಂಗ್' ಅಂತಲೇ ಇದ್ದವು. ವಾಪಸ್ ಮಾಡುವ ಅವಧಿ ಮುಗಿಯುವ ತನಕ ಅದು ನಿಮ್ಮ ದುಡ್ಡಲ್ಲ. ಮೂರನೇ ವಾರ ಒಂದು ದಿನ ನೋಡಿದರೆ ಐದು ಇದ್ದದ್ದು ನಾಲ್ಕಾಗಿತ್ತು. ಒಬ್ಬರು ಕುರ್ಚಿ ವಾಪಸ್ ಮಾಡಿದ್ದರು, ಕಮಿಷನ್ನೂ ಹೋಯಿತು. ಅವತ್ತು ಕುರ್ಚಿಯ ರಿವ್ಯೂದ ಮೊದಲ ಸಾಲು ಬೇರೆಯೇ ಆಗಿ ಕಂಡಿತು. ಎತ್ತರ ಕಡಿಮೆಯಿದ್ದವರು ಕೂಡ ಕೊಂಡಿದ್ದರೆ ಇನ್ನೆಷ್ಟು ವಾಪಸ್ ಬರುತ್ತಿದ್ದವೋ. ಅವರ ಸಮಯ ಹಾಳು, ಸೊಂಟ ಹಾಳು, ನನಗೂ ಏನೂ ಉಳಿಯುತ್ತಿರಲಿಲ್ಲ. ಬೇಡ ಅಂದು ಕಳಿಸಿದವರಿಂದ ನನಗೆ ನಷ್ಟ ಆಗಿರಲಿಲ್ಲ.

ಆ ನಡುವೆ ಒಬ್ಬ ಓದುಗರ ಈಮೇಲ್ ಬಂತು. "ಮೇಡಂ, ನಾನು 5 ಅಡಿ 2 ಇಂಚು. ನಿಮ್ಮ ರಿವ್ಯೂ ಓದಿ ಕುರ್ಚಿ ಬಿಟ್ಟೆ. ಆದ್ರೆ ಆಗಲೇ ಇರೋ ಕುರ್ಚಿನೂ ಎತ್ತರವೇ. ಕಾಲಿಗೆ ಏನು ಇಟ್ಕೊಳ್ಳೋದು?" ನಾನು ಪುಸ್ತಕ ಇಟ್ಟುಕೊಳ್ಳುತ್ತಿದ್ದ ವಿಷಯ ಬರೆದು ಕಳಿಸಿದೆ. ಆಮೇಲೆ ಎರಡು ಬಗೆಯ ಫುಟ್‌ರೆಸ್ಟ್ ತರಿಸಿ ಒಂದು ತಿಂಗಳು ಬಳಸಿದೆ. ಹದಿನಾರನೇ ರಿವ್ಯೂ ಅದೇ. ಏನು ಬರೆಯಬೇಕು ಅಂತ ಈಗ ನಾನು ಯೋಚಿಸುತ್ತಾ ಕೂರುವುದಿಲ್ಲ, ಓದುಗರ ಈಮೇಲ್‌ಗಳನ್ನು ಒಂದು ಕಡೆ ಎತ್ತಿಟ್ಟುಕೊಳ್ಳುತ್ತೇನೆ.

ಕೊನೆಯ ಅಡ್ಡಿ ದುಡ್ಡು ಕೈಗೆ ಬರುವಾಗ. ಕಮಿಷನ್ ಒಂದು ಕನಿಷ್ಠ ಮೊತ್ತ ಮುಟ್ಟುವ ತನಕ ಕಳಿಸುವುದಿಲ್ಲ. ಅದು ಮುಟ್ಟಲು ಇನ್ನೊಂದು ತಿಂಗಳು ಬೇಕಾಯಿತು. ಮುಟ್ಟಿದ ಮೇಲೆ 'ಪಾವತಿ ತಡೆಹಿಡಿಯಲಾಗಿದೆ' ಅಂತ ಬಂತು. ತೆರಿಗೆ ದಾಖಲೆಯಲ್ಲಿ ನನ್ನ ಪೂರ್ತಿ ಹೆಸರಿದೆ, ಬ್ಯಾಂಕ್ ಖಾತೆಯಲ್ಲಿ ಇನಿಷಿಯಲ್ ಮಾತ್ರ. ಬ್ಯಾಂಕಿಗೆ ಹೋಗಿ ಹೆಸರು ತಿದ್ದಿಸಿ, ಹೊಸ ಸ್ಟೇಟ್‌ಮೆಂಟ್ ಅಪ್‌ಲೋಡ್ ಮಾಡಿ, ಎರಡು ಸಲ ಈಮೇಲ್ ಬರೆದು, ಒಟ್ಟು 23 ದಿನ. ಅರ್ಜಿ ಹಾಕುವ ದಿನವೇ ಎರಡು ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿಕೊಳ್ಳಿ. ಕೊಂಡ ವಸ್ತುಗಳ ರಸೀದಿಯನ್ನೂ ಎತ್ತಿಡಿ. ತೆರಿಗೆಯ ಲೆಕ್ಕಕ್ಕೆ ಬೇಕಾಗುತ್ತದೆ, ನಿಜಕ್ಕೂ ಕೊಂಡಿದ್ದೀರಾ ಅಂತ ಯಾರಾದರೂ ಕೇಳಿದರೆ ತೋರಿಸಲೂ ಆಗುತ್ತದೆ.

ಕುರ್ಚಿ ಬಂದು ಈಗ ಏಳು ತಿಂಗಳು. ನಿನ್ನೆ ಮತ್ತೆ ಟೇಪು ಹಿಡಿದು ಅಳೆದೆ. ಖಾಲಿ ಸೀಟು 46 ಇದ್ದದ್ದು 45ಕ್ಕೆ ಬಂದಿದೆ. ನಡುವೆ ಫೋಮ್ ಒಂದು ಬೆರಳು ತಗ್ಗಿದೆ, ಹೊರಗಿನ ಬಟ್ಟೆ ಸ್ವಲ್ಪ ಸುಕ್ಕಾಗಿದೆ. ಫೋಟೋ ತೆಗೆದು, ದಿನಾಂಕ ಹಾಕಿ, ರಿವ್ಯೂದ ಮೊದಲ ಸಾಲಿನ ಕೆಳಗೇ ಸೇರಿಸಿದೆ.